ಹಂದಿಜ್ವರದ ವರ್ಷ, ಬೆನ್ನಿಗೊಂದು ಸೂಜಿ

ನನ್ನ ತಂಗಿಯ ಮಗಳು ಸಹನಾಗೆ ಈ ವರ್ಷ ಅರಿವಳಿಕೆ ವಿಭಾಗದಲ್ಲಿ ಸ್ನಾತಕೋತ್ತರ ಸೀಟು ಸಿಕ್ಕಿತು. ಅವಳು ಬಯಸಿದ್ದು ಚರ್ಮರೋಗ. ಸುದ್ದಿ ತಿಳಿಸಲು ಫೋನ್ ಮಾಡಿದಾಗ ಅವಳ ದನಿ ಕೇಳಿ ಮನೆಯಲ್ಲಿ ಯಾರಿಗೋ ಏನೋ ಆಗಿದೆಯೆಂದು ನಾನು ಕುರ್ಚಿ ಹಿಡಿದು ಕೂತೆ. ವಿಷಯ ಗೊತ್ತಾದ ಮೇಲೆ ಅಭಿನಂದನೆ ಹೇಳಿದೆ. ಅವಳು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. "ದೊಡ್ಡಮ್ಮ, ನೀವು ಇಷ್ಟು ವರ್ಷ ಅದನ್ನೇ ಮಾಡಿದ್ರಲ್ಲ, ನಿಜವಾಗ್ಲೂ ಅಲ್ಲಿ ಏನ್ ಮಾಡೋದಿರುತ್ತೆ?" ಎಂದು ಕೇಳಿದಳು.

ಆ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಕೊಡಲಾಗಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಪಠ್ಯಪುಸ್ತಕದಲ್ಲಿರುವುದನ್ನು ಅವಳು ಹೇಗೂ ಓದುತ್ತಾಳೆ. ಅದರಲ್ಲಿ ಇಲ್ಲದ್ದಷ್ಟೇ ಇಲ್ಲಿದೆ.

ನಾನು ಹುಟ್ಟಿದ್ದು ಕುಂದಾಪುರದ ಕಡೆ, ಮದುವೆಯಾಗಿ ಬಂದದ್ದು ಡೊಂಬಿವಲಿಗೆ. ಗಂಡ ವಿಮಾ ಕಚೇರಿಯಲ್ಲಿದ್ದರು. ಮನೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಪಕ್ಕದ ವಸತಿ ಭಾಗದಲ್ಲಿ. ಸಂಜೆ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದರೆ ಕಣ್ಣು ಉರಿಯುತ್ತಿತ್ತು, ಮೂಗಿಗೆ ಒಂದು ಸಿಹಿಯಾದ ಕೆಟ್ಟ ವಾಸನೆ ಬಡಿಯುತ್ತಿತ್ತು. ನಮ್ಮ ಸೊಸೈಟಿಯ ಹೆಂಗಸರು ಅದು ನನ್ನ ಚೀಲದಿಂದ ಬರುವ ವಾಸನೆಯೆಂದು ಬಹಳ ಕಾಲ ನಂಬಿದ್ದರು. ಬೇಹೋಶ್ ಮಾಡುವ, ಎಚ್ಚರ ತಪ್ಪಿಸುವ ಡಾಕ್ಟರು ಮೂರನೇ ಮಹಡಿಯಲ್ಲಿದ್ದಾರೆ, ಅವರ ಬಾಗಿಲ ಮುಂದೆ ಉಸಿರು ಬಿಗಿಹಿಡಿದು ಹೋಗಿ ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದರು.

ನನಗೆ ಸ್ವಂತ ಆಸ್ಪತ್ರೆಯಾಗಲಿ ಒಂದು ಕಡೆಯ ನೌಕರಿಯಾಗಲಿ ಇರಲಿಲ್ಲ. ಡೊಂಬಿವಲಿ, ಕಲ್ಯಾಣ, ಉಲ್ಹಾಸನಗರ, ಠಾಣೆಯ ನೌಪಾಡಾ, ಆಮೇಲಾಮೇಲೆ ನವಿ ಮುಂಬೈ. ಎಲ್ಲಿಂದ ಫೋನ್ ಬಂದರೂ ಚೀಲ ಹೆಗಲಿಗೇರಿಸಿ ಲೋಕಲ್ ಹತ್ತುವುದು. ಮಹಿಳೆಯರ ಡಬ್ಬಿಯಲ್ಲಿ ಬಳೆ, ಕ್ಲಿಪ್ಪು, ನೈಟಿ ಮಾರುವವರ ಚೀಲಗಳೂ ನನ್ನ ಚೀಲದಷ್ಟೇ ದಪ್ಪ. ನಾನೂ ಮಾರುವವಳೆಂದು ತಿಳಿದು "ಆಜ್ ಕ್ಯಾ ಲಾಯಾ, ದಿಖಾವ್", ಇವತ್ತು ಏನು ತಂದೆ ತೋರಿಸು ಎಂದು ಒಬ್ಬಾಕೆ ನನ್ನನ್ನು ಕೇಳದೆಯೇ ಜಿಪ್ಪು ಎಳೆದು, ಒಳಗೆ ಲಾರಿಂಗೋಸ್ಕೋಪಿನ ಹೊಳೆಯುವ ಬಾಗಿದ ಅಲಗು ಕಂಡು, ಇದು ತೆಂಗಿನಕಾಯಿ ತುರಿಯುವುದಕ್ಕೋ ಎಂದು ವಿಚಾರಿಸಿದ್ದಳು. ಗಂಟಲೊಳಗೆ ಹಾಕುವುದು ಎಂದೆ. ಮುಂದಿನ ನಿಲ್ದಾಣದಲ್ಲಿ ನನ್ನ ಎರಡೂ ಬದಿಯ ಸೀಟು ಖಾಲಿಯಾಯಿತು.

ಸಹನಾ, ಈ ಕೆಲಸದ ಮೊದಲ ಪಾಠ ಇದು: ನೀನು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಮಗು ಹುಟ್ಟಿದ ಕೂಡಲೇ ಮನೆಯವರು ಹೆರಿಗೆ ಡಾಕ್ಟರ ಕಾಲಿಗೆ ಬೀಳುತ್ತಾರೆ, ನರ್ಸಿಗೆ ಸೀರೆ ಕೊಡುತ್ತಾರೆ, ವಾಚ್‌ಮನ್ನಿಗೂ ಪೇಡೆ ಸಿಗುತ್ತದೆ. ನೀನು ಹಿಂದಿನ ಮೆಟ್ಟಿಲಿಳಿದು ಮುಂದಿನ ಗಾಡಿ ಹಿಡಿಯುತ್ತಿರುತ್ತೀಯ.

ನಾನು ಹೆಚ್ಚು ಕೆಲಸ ಮಾಡಿದ್ದು ಕಲ್ಯಾಣದ ಒಬ್ಬ ಹೆರಿಗೆ ಡಾಕ್ಟರ ಜೊತೆ. ಹೆಸರು ಬೇಡ. ಊರಿಡೀ ಅವರನ್ನು ನಾನಾ ಎನ್ನುತ್ತಿತ್ತು. ಸೀರೆ ಅಂಗಡಿಯ ಮೇಲಿನ ಎರಡು ಮಹಡಿಗಳಲ್ಲಿ ಅವರ ಚಿಕ್ಕ ನರ್ಸಿಂಗ್ ಹೋಮ್. ಕೈ ಬಂಗಾರ, ಬಾಯಿ ಗಟಾರ. ಹೊಲಿಗೆಯ ದಾರ ತುಂಡಾದರೆ ದಾರದ ಕಂಪನಿಯ ತಾತನಿಂದ ಹಿಡಿದು ಬೈಯುತ್ತಿದ್ದರು. ನಾನು ಅವರ ಬಳಿ ಹೋಗಲು ಶುರುಮಾಡಿದ ಕಾಲದಲ್ಲಿ ಎಲ್ಲ ಸಿಸೇರಿಯನ್ನುಗಳೂ ಜನರಲ್‌ನಲ್ಲಿ ನಡೆಯುತ್ತಿದ್ದವು. ಜನರಲ್ ಎಂದರೆ ಬಸುರಿಗೆ ಪೂರ್ತಿ ನಿದ್ದೆ ಬರಿಸಿ, ಗಂಟಲೊಳಗೆ ನಳಿಕೆ ಇಳಿಸಿ, ಉಸಿರಾಟವನ್ನು ನಾವೇ ವಹಿಸಿಕೊಳ್ಳುವುದು. ನಾನಾಗೆ ಅದು ಬಹಳ ಅನುಕೂಲವಾಗಿತ್ತು. ನಿದ್ದೆಯಲ್ಲಿರುವವರಿಗೆ ಬೈಗುಳ ಕೇಳಿಸುವುದಿಲ್ಲ.

ನಾನು ಸ್ಪೈನಲ್ ಶುರುಮಾಡಿಸಿದೆ. ಬೆನ್ನೆಲುಬಿನ ಸಂದಿನಲ್ಲಿ ಕೂದಲೆಳೆಯಂಥ ಸೂಜಿಯಿಂದ ಸ್ವಲ್ಪ ಔಷಧಿ ಬಿಟ್ಟರೆ ಎದೆಯಿಂದ ಕೆಳಗೆ ನೋವು ಗೊತ್ತಾಗುವುದಿಲ್ಲ. ತಾಯಿ ಎಚ್ಚರವಾಗಿರುತ್ತಾಳೆ, ತನ್ನ ಉಸಿರು ತಾನೇ ಆಡುತ್ತಾಳೆ, ಮಗುವಿನ ಮೊದಲ ಅಳು ಕೇಳುತ್ತಾಳೆ. ಗರ್ಭಿಣಿಯರ ಗಂಟಲು ಊದಿಕೊಂಡಿರುವುದರಿಂದ ನಳಿಕೆ ಇಳಿಸುವುದು ಕಷ್ಟ, ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಭಯವೂ ಇದೆ. ಇದನ್ನೆಲ್ಲ ನಾನಾಗೆ ವಿವರಿಸಿದೆ. ಅವರು ಎಲ್ಲ ಕೇಳಿ, ಹಾಗಾದರೆ ನಾನು ಬಾಯಿ ಮುಚ್ಚಿಕೊಂಡು ಆಪರೇಷನ್ ಮಾಡಬೇಕೇ ಎಂದರು. ಹೌದು ಎಂದೆ. ಅವರಿಗೆ ಸಿಟ್ಟು ಬಂತು. ಆದರೆ ಸ್ಪೈನಲ್‌ನಲ್ಲಿ ರಕ್ತ ಕಡಿಮೆ ಹೋಗುತ್ತದೆಂದು ಸ್ವತಃ ಕಂಡ ಮೇಲೆ ದಾರಿಗೆ ಬಂದರು. ಬೈಗುಳ ಬಾಯಿಗೆ ಬಂದಾಗಲೆಲ್ಲ "ಸುಂದರ, ಅತಿ ಸುಂದರ" ಎಂದು ಹಲ್ಲು ಕಚ್ಚಿ ಹೇಳುವುದನ್ನು ಅಭ್ಯಾಸ ಮಾಡಿಕೊಂಡರು. ನಮಗೆಲ್ಲ ಅರ್ಥ ಗೊತ್ತಿತ್ತು. ನಾನಾ ಮೂರು ಸಲ ಸುಂದರ ಎಂದರೆ ನಾನು ರಕ್ತದ ಬಾಟಲಿಗೆ ಫೋನ್ ಮಾಡಿಸುತ್ತಿದ್ದೆ.

ಎಚ್ಚರವಾಗಿರುವ ರೋಗಿಯಿಂದ ಬೇರೆ ತೊಂದರೆಗಳೂ ಇದ್ದವು. ಒಮ್ಮೆ ಹೊಲಿಗೆ ಹಾಕುತ್ತ ನಾನಾ ಸಹಾಯಕ ಡಾಕ್ಟರ ಹತ್ತಿರ ಖಾರ್ಘರ್‌ನಲ್ಲಿ ಫ್ಲಾಟ್ ನೋಡಿದ ವಿಷಯ ಮಾತಾಡುತ್ತಿದ್ದರು. ದೊಡ್ಡ ಬಾಲ್ಕನಿ, ಎದುರಿಗೆ ಗುಡ್ಡ, ಮುಂದಿನ ವಾರ ಟೋಕನ್ ಕೊಡುವುದು ಎಂದೆಲ್ಲ. ಮಧ್ಯದ ಹಸಿರು ಪರದೆಯ ಈಚೆ ಮಲಗಿದ್ದ ಹೆಂಗಸು, ಶಾಲೆಯ ಶಿಕ್ಷಕಿ, ಶಾಂತವಾಗಿ ಮರಾಠಿಯಲ್ಲಿ ಹೇಳಿದಳು: "ಸರ್, ಆ ಬಿಲ್ಡಿಂಗ್ ತಗೋಬೇಡಿ. ನಮ್ಮ ಭಾವ ಅಲ್ಲೇ ಇದ್ದಾರೆ. ಬೇಸಿಗೆಯಲ್ಲಿ ನೀರೇ ಬರಲ್ಲ." ನಾನಾ ಸೂಜಿ ಹಿಡಿದವರು ಹಾಗೇ ನಿಂತರು. ಆಮೇಲೆ ಪರದೆಯ ಮೇಲಿಂದ ಬಗ್ಗಿ, ಟ್ಯಾಂಕರ್ ತರಿಸುವುದಿಲ್ಲವೇ, ಲಿಫ್ಟಿಗೆ ಜನರೇಟರ್ ಇದೆಯೇ ಎಂದು ಒಂದೊಂದಾಗಿ ವಿಚಾರಿಸಿಕೊಂಡರು. ಫ್ಲಾಟ್ ತಗೊಳ್ಳಲಿಲ್ಲ.

ಇನ್ನು ಬೆನ್ನುನೋವು. ಸ್ಪೈನಲ್ ಕೊಟ್ಟರೆ ಜೀವನಪೂರ್ತಿ ಬೆನ್ನು ನೋಯುತ್ತದೆಂಬ ನಂಬಿಕೆ ಠಾಣೆಯಿಂದ ಕಸಾರದವರೆಗೆ ಎಲ್ಲ ಮನೆಗಳಲ್ಲೂ ಇದೆ. ಡೊಂಬಿವಲಿಯ ಅರ್ಧ ಬೆನ್ನುಗಳಿಗೆ ನಾನೇ ಹೊಣೆ. ತರಕಾರಿ ಮಾರ್ಕೆಟ್ಟಿನಲ್ಲಿ ಒಬ್ಬಾಕೆ ನನ್ನನ್ನು ತಡೆದು, ನಿಮ್ಮ ಸೂಜಿಯಿಂದ ನನ್ನ ಸೊಂಟ ಹೋಯಿತು ಎಂದು ಎಲ್ಲರೆದುರು ಜಗಳಕ್ಕೆ ನಿಂತಳು. ಹೆರಿಗೆ ಎಲ್ಲಿ ಆಯಿತೆಂದು ಕೇಳಿದೆ. ಸೋಲಾಪುರದಲ್ಲಿ, ನಾರ್ಮಲ್ ಡೆಲಿವರಿ. ಹಾಗಾದರೆ ನಾನು ಯಾವಾಗ ಸೂಜಿ ಕೊಟ್ಟೆ ಎಂದರೆ, ಕೊಟ್ಟದ್ದು ಅವಳ ನಾದಿನಿಗೆ, ನಾದಿನಿ ಮಲಗಿಬಿಟ್ಟದ್ದರಿಂದ ನೀರು ಹೊತ್ತದ್ದು ಇವಳು. ವಾದದಲ್ಲಿ ಹುರುಳಿತ್ತು. ಒಂದು ಮಾತ್ರೆ ಬರೆದುಕೊಟ್ಟೆ.

ಹೀಗೆ ನಡೆಯುತ್ತಿದ್ದಾಗ ಹಂದಿಜ್ವರ ಬಂತು. ಎರಡು ಸಾವಿರದ ಒಂಬತ್ತರ ಮಳೆಗಾಲ. ಮೊದಲು ಪುಣೆಯ ಸುದ್ದಿ, ಆಮೇಲೆ ಮುಂಬೈ, ಆಮೇಲೆ ನಮ್ಮ ಕಡೆ. ಶಾಲೆ, ಸಿನಿಮಾ ಮಂದಿರ ಮುಚ್ಚಿದವು. ಮಾಸ್ಕು ಸಿಗದೆ ಜನ ಕರವಸ್ತ್ರ, ದುಪಟ್ಟಾ, ಒಬ್ಬಾತ ಮಗುವಿನ ಕುಲಾವಿಯನ್ನೂ ಮೂಗಿಗೆ ಕಟ್ಟಿಕೊಂಡ. ಕರ್ಪೂರ, ಏಲಕ್ಕಿಯ ಪೊಟ್ಟಣ ಮೂಸುತ್ತಿದ್ದರೆ ರೋಗ ಹತ್ತಿರ ಬರುವುದಿಲ್ಲವೆಂದು ಯಾರೋ ಹೇಳಿ ಇಡೀ ಲೋಕಲ್ ದೇವರಕೋಣೆಯ ಹಾಗೆ ಘಮಗುಟ್ಟುತ್ತಿತ್ತು. ನನಗೆ ಹಳೆಯ ಅಲರ್ಜಿಯ ಸೀನು ಇದೆ. ಅದುವರೆಗೆ ಡೊಂಬಿವಲಿಯಲ್ಲಿ ಹತ್ತಿ ಬೆಳಗಿನ ಫಾಸ್ಟ್ ಗಾಡಿಯಲ್ಲಿ ಕೂತು ಹೋದವಳಲ್ಲ ನಾನು. ಆ ತಿಂಗಳುಗಳಲ್ಲಿ ಒಂದು ಸೀನಿಗೆ ಕಿಟಕಿ ಪಕ್ಕದ ಸೀಟು ಸಿಗುತ್ತಿತ್ತು.

ಮನೆಯಲ್ಲಿ ಅತ್ತೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಅವರದು ತುಳು. "ಸುರುಟು ಮೀದ್ ಬಲ" ಎಂದು, ಮೊದಲು ಸ್ನಾನ ಮಾಡಿ ಬಾ ಎಂದು, ಬಚ್ಚಲಿನ ಕಡೆ ಕೈ ತೋರಿಸಿ ಒಳಗೆ ಹೋಗುವರು. ಆಮೇಲೆ ಒಂದು ದೊಡ್ಡ ಲೋಟ ಕಷಾಯ. ಅದರಲ್ಲಿ ಏನಿತ್ತೋ, ಕುಡಿದ ಮೇಲೆ ಯಾವ ವೈರಸ್ಸೂ ಬದುಕುವ ಸಾಧ್ಯತೆ ಇರಲಿಲ್ಲ. ನಾನೇ ಕಷ್ಟಪಟ್ಟು ಬದುಕುತ್ತಿದ್ದೆ.

ನಗುವ ಮಾತು ಇಷ್ಟಕ್ಕೇ ನಿಲ್ಲುತ್ತಿರಲಿಲ್ಲ, ಆದರೆ ಆ ಜ್ವರ ಬಸುರಿಯರನ್ನು ಹುಡುಕಿ ಹಿಡಿಯುತ್ತಿತ್ತು. ತುಂಬು ಗರ್ಭಿಣಿಯರ ಶ್ವಾಸಕೋಶಕ್ಕೆ ಮೊದಲೇ ಜಾಗ ಕಡಿಮೆ. ದೊಡ್ಡ ಆಸ್ಪತ್ರೆಗಳಿಂದ ನನ್ನ ಹಳೆಯ ಸಹಪಾಠಿಗಳು ಫೋನ್ ಮಾಡಿ ಹೇಳುತ್ತಿದ್ದ ಸಂಗತಿಗಳನ್ನು ನಾನು ಮನೆಯಲ್ಲಿ ಯಾರಿಗೂ ಹೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನಾ ಫೋನ್ ಮಾಡಿದರು. ಬೇಗ ಬಾ ಎಂದರು. ನಾನು ಚಪ್ಪಲಿ ಹಾಕುವಷ್ಟರಲ್ಲಿ ಮತ್ತೆ ಫೋನ್ ಮಾಡಿ, ತೀರಾ ಬೇಗ ಬರಬೇಡ, ಯೋಚನೆ ಮಾಡಿ ಬಾ ಎಂದರು. ಅವರಿಗೆ ಅರವತ್ತು ದಾಟಿತ್ತು, ಸಕ್ಕರೆ ಕಾಯಿಲೆ ಬೇರೆ. ಹಂದಿಜ್ವರದ ಸುದ್ದಿ ಶುರುವಾದಂದಿನಿಂದ ಮೂಗಿಗೆ ನೀಲಗಿರಿ ಎಣ್ಣೆ ಹಚ್ಚಿ ಹಚ್ಚಿ ಮೂಗಿನ ತುದಿ ಕೆಂಪಾಗಿತ್ತು.

ಕಲ್ಯಾಣ ಸ್ಟೇಷನ್ನಿನಿಂದ ಸುರಿಯುವ ಮಳೆಯಲ್ಲಿ ರಿಕ್ಷಾ ಹಿಡಿದು ಹೋದರೆ, ನರ್ಸಿಂಗ್ ಹೋಮಿನ ಮೆಟ್ಟಿಲ ಬುಡದಲ್ಲೇ ಒಬ್ಬ ತುಂಬು ಗರ್ಭಿಣಿ ಬೆಂಚಿನ ಮೇಲೆ ಕೂತಿದ್ದಳು. ಗಂಡ ಕೊಡೆ ಹಿಡಿದು ನಿಂತಿದ್ದ. ಸೀರೆ ಅಂಗಡಿಯವರು ಅರ್ಧ ಶಟರ್ ಎಳೆದು ಒಳಗಿನಿಂದ ಇಣುಕುತ್ತಿದ್ದರು. ಅವಳ ಹೆಸರು ರೇಣುಕಾ, ಗಂಡ ಮಲ್ಲಪ್ಪ. ವಿಜಯಪುರ ಜಿಲ್ಲೆಯವರು, ಊರಾಚೆ ಏಳುತ್ತಿದ್ದ ಕಟ್ಟಡದಲ್ಲಿ ಕೂಲಿ. ಕೆಲವು ದಿನಗಳಿಂದ ಜ್ವರ, ಕೆಮ್ಮು, ಆದರೂ ಕೆಲಸ ಬಿಟ್ಟಿರಲಿಲ್ಲ. ಹಿಂದಿನ ದಿನದಿಂದ ಹೆರಿಗೆ ನೋವು. ಮಗುವಿನ ಎದೆಬಡಿತ ಇಳಿಯುತ್ತಿದೆಯೆಂದು ನಾನಾ ಕೊಡೆಯಡಿಯಲ್ಲೇ ಕೇಳಿ ಪತ್ತೆ ಮಾಡಿದ್ದರು. ಗಂಟಲ ದ್ರವ ಪರೀಕ್ಷೆಗೆ ಕಳಿಸಿದ್ದರೂ ಫಲಿತಾಂಶ ಬರಲು ದಿನಗಳು ಬೇಕು. ಆ ಜ್ವರಕ್ಕೆಂದೇ ಗೊತ್ತು ಮಾಡಿದ ಆಸ್ಪತ್ರೆಗೆ ಕಳಿಸೋಣವೆಂದು ಆಂಬುಲೆನ್ಸ್ ಕರೆಸಿದರೆ, ಚಾಲಕ ರೋಗಿಯ ಕೆಮ್ಮು ಕೇಳಿ, ಚಹಾ ಕುಡಿದು ಬರುತ್ತೇನೆಂದು ಹೋದವನು ಗಾಡಿಯನ್ನು ಬಿಟ್ಟೇ ಹೋಗಿದ್ದ. ಚಾಲಕ ಇದ್ದಿದ್ದರೂ ಪ್ರಯೋಜನವಿರಲಿಲ್ಲ, ಆ ಆಸ್ಪತ್ರೆಗೆ ಹೋಗುವ ಶಿಳ್ ರಸ್ತೆಯಲ್ಲಿ ನೀರು ನಿಂತು ಲಾರಿಗಳು ಸಾಲುಗಟ್ಟಿದ್ದವು.

ಮಲ್ಲಪ್ಪ ಹರಕು ಹಿಂದಿಯಲ್ಲಿ ಎಲ್ಲರಿಗೂ ಕೈ ಮುಗಿಯುತ್ತಿದ್ದ. ನಾನು ಕನ್ನಡದಲ್ಲಿ, ಯಾವ ಊರು ನಿಮ್ಮದು ಎಂದೆ. ಅವನ ಕೈಯಿಂದ ಕೊಡೆ ಜಾರಿ ಹೆಂಡತಿಯ ತಲೆಯ ಮೇಲೆ ಬಿತ್ತು.

ಮೇಲೆ ನಾನಾ ಮತ್ತು ನಾನು ದೂರದೂರ ನಿಂತು ಚರ್ಚೆ ಮಾಡಿದೆವು. ಅವರ ಮಾತು ಸರಳ: ಜನರಲ್ ಕೊಡು, ನಿದ್ದೆ ಮಾಡಿಸು. ಎಚ್ಚರವಿದ್ದರೆ ಆಪರೇಷನ್ ಮುಗಿಯುವವರೆಗೂ ನಮ್ಮ ಮೇಲೆ ಕೆಮ್ಮುತ್ತಾಳೆ. ನಾನು ನನ್ನ ಲೆಕ್ಕ ಹೇಳಿದೆ. ನಳಿಕೆ ಇಳಿಸಬೇಕಾದರೆ ನನ್ನ ಮುಖ ಅವಳ ಬಾಯಿಗೆ ಗೇಣು ದೂರದಲ್ಲಿರಬೇಕು. ತೆಗೆಯುವಾಗ ಅವಳು ಕೆಮ್ಮುವ ಕೆಮ್ಮು ಈಗಿನದಕ್ಕಿಂತ ಜೋರಾಗಿರುತ್ತದೆ. ಅದಕ್ಕಿಂತ ದೊಡ್ಡ ಭಯ, ದಣಿದ ಶ್ವಾಸಕೋಶ ಒಮ್ಮೆ ಯಂತ್ರಕ್ಕೆ ಒರಗಿದರೆ ಮತ್ತೆ ತಾನಾಗಿ ಏಳದೆ ಹೋಗಬಹುದು. ಹತ್ತಿರದ ವೆಂಟಿಲೇಟರ್ ಆ ನೀರು ನಿಂತ ರಸ್ತೆಯ ಆಚೆ ಇದೆ. ಸ್ಪೈನಲ್ ಕೊಟ್ಟರೆ ತನ್ನ ಉಸಿರು ತಾನೇ ಆಡುತ್ತಾಳೆ.

ಸ್ಪೈನಲ್‌ಗೂ ಅದರದೇ ಅಪಾಯವಿತ್ತು. ಅವಳಿಗೆ ಅಂಗಾತ ಮಲಗಲು ಆಗುತ್ತಿರಲಿಲ್ಲ. ಔಷಧಿ ಮೇಲಕ್ಕೇರಿದರೆ ಎದೆಯ ಸ್ನಾಯು ಸೋತು ಕೆಮ್ಮಲೂ ಆಗದು. ಅರ್ಧದಲ್ಲಿ ಉಸಿರು ಕೈಕೊಟ್ಟರೆ, ಹೊಟ್ಟೆ ತೆರೆದಿರುವಾಗಲೇ ನಳಿಕೆ ಇಳಿಸಬೇಕಾದ ಅತಿ ಕೆಟ್ಟ ಪರಿಸ್ಥಿತಿ. ಪುಸ್ತಕದಲ್ಲಿ ಎರಡೂ ಕಡೆ ಬರೆದಿರುತ್ತದೆ, ಸಹನಾ. ನಿರ್ಧಾರ ಮಾತ್ರ ನಿನ್ನದು. 

ಕೆಳಗಿಳಿದು ರೇಣುಕಾಳನ್ನು ಒಂದು ಪ್ರಶ್ನೆ ಕೇಳಿದೆ. ಜ್ವರದಲ್ಲೂ ಕೆಲಸಕ್ಕೆ ಯಾಕೆ ಹೋದಿರಿ? ಅವಳು ಉಸಿರೆಳೆದುಕೊಂಡು ಶುರುಮಾಡಿದಳು. ಅತ್ತೆ ಊರಿಂದ ಬಂದು ಕೂತಿದ್ದಾಳೆ, ಕೂತಲ್ಲಿಂದ ಏಳುವುದಿಲ್ಲ, ಸೊಸೆಗೆ ಜ್ವರ ಬಂದರೆ ತನಗೆ ಎರಡರಷ್ಟು ಬಂದಿದೆ ಎನ್ನುತ್ತಾಳೆ, ಮಾಡಿದ ರೊಟ್ಟಿ ದಪ್ಪವಾಯಿತೆನ್ನುತ್ತಾಳೆ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಆಮೇಲೆ ಕೆಮ್ಮಿದಳು. ನನಗೆ ಧೈರ್ಯ ಬಂತು. ಅತ್ತೆಯ ಬಗ್ಗೆ ಇಷ್ಟು ಉದ್ದದ ದೂರು ಒಂದೇ ದಮ್ಮಿಗೆ ಹೇಳಬಲ್ಲವಳಿಗೆ ಸ್ಪೈನಲ್ ತಡೆಯುವಷ್ಟು ಉಸಿರು ಇದೆ. ಈ ಪರೀಕ್ಷೆ ಯಾವ ಪುಸ್ತಕದಲ್ಲೂ ಇಲ್ಲ. ನಾನು ಮುಂದೆಯೂ ಉಪಯೋಗಿಸಿದ್ದೇನೆ.

ಆದರೆ ಬೆನ್ನಿಗೆ ಸೂಜಿ ಎಂದ ಕೂಡಲೇ ಅವಳು ಬೆಂಚು ಹಿಡಿದುಕೊಂಡಳು.

"ಬ್ಯಾಡ್ರಿ ಅಕ್ಕಾರ. ಡುಬ್ಬದಾಗ ಸೂಜಿ ಹಾಕಿದ್ರ ಮುಂದ ಹೊರಿ ಹೊರಾಕ ಬರೂದಿಲ್ಲಂತ. ನಾ ಇಟ್ಟಂಗಿ ಹೊರಾಕಿ. ಡುಬ್ಬ ಹೋದ್ರ ನಂದೇನ್ ಉಳೀತು?"

ತರಕಾರಿ ಮಾರ್ಕೆಟ್ಟಿನ ಜಗಳಕ್ಕೆ ನಕ್ಕ ಹಾಗೆ ಇದಕ್ಕೆ ನಗಲಾಗಲಿಲ್ಲ. ಅವಳು ಅನ್ನ ತಿನ್ನುವುದೇ ಆ ಬೆನ್ನಿನಿಂದ. ನಾನು ಅವಳ ಎದುರು ಕುಕ್ಕರಗಾಲಿನಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸೂಜಿ ಹಾಕಿದ ಜಾಗ ಒಂದೆರಡು ದಿನ ನೋಯಬಹುದು, ತಲೆನೋವೂ ಬರಬಹುದು. ಇಟ್ಟಿಗೆ ಹೊತ್ತು, ಮಗು ಎತ್ತಿ ನೋಯುವ ಬೆನ್ನು ಸೂಜಿ ಇಲ್ಲದೆಯೂ ನೋಯುತ್ತದೆ. ನಿದ್ದೆ ಬರಿಸಬಲ್ಲೆ, ಆದರೆ ಈ ಎದೆಯಲ್ಲಿ ನಿಮ್ಮನ್ನು ಮತ್ತೆ ಎಬ್ಬಿಸುವುದು ಕಷ್ಟವಾಗಬಹುದು.

ಅವಳು ನನ್ನ ಮುಖವನ್ನೇ ನೋಡಿದಳು. ಮಾಸ್ಕಿನಲ್ಲಿ ಕಣ್ಣಷ್ಟೇ ಕಾಣುತ್ತಿತ್ತು.

"ಹಂಗಾರ ಎಚ್ಚರ ಇರ್ತೀನ್ರಿ" ಎಂದಳು. ಗಂಡನ ಕಡೆ ತಿರುಗಿ, "ನಾ ಮಲಗಿದ್ರ ಇವ್ರು ಕೂಸಿಗೆ ತಮ್ಮ ಅವ್ವನ ಹೆಸರಿಟ್ಟಬಿಡ್ತಾರ" ಎಂದಳು. ಮಲ್ಲಪ್ಪ ಬೇರೆ ಕಡೆ ನೋಡಿದ. ಅಂಥದ್ದೊಂದು ಆಲೋಚನೆ ಅವನಿಗೆ ಇದ್ದಂತಿತ್ತು.

ಇನ್ನು ನಮ್ಮ ರಕ್ಷಣೆ. ಈಗಿನವರು ನೋಡುವ ಬಿಳಿ ಪೋಷಾಕುಗಳು ಆಗ ನಮ್ಮಂಥ ಕಡೆ ಎಲ್ಲಿ? ಒಳ್ಳೆಯ ಮಾಸ್ಕು ಮಾತ್ರ ಎಲ್ಲರಿಗೂ ಒಂದೊಂದು ಇತ್ತು. ಉಳಿದದ್ದು ಮಳೆಗಾಲದ ಕೃಪೆ. ನಾನಾ ಹಳದಿ ರೇನ್‌ಕೋಟು ತೊಟ್ಟು, ಅದರ ಮೇಲೆ ಆಪರೇಷನ್ ಗೌನು ಕಟ್ಟಿ, ತಲೆಗೆ ಕಾಂಪೌಂಡರನ ಸ್ಕೂಟರ್ ಹೆಲ್ಮೆಟ್ ಹಾಕಿದರು. ನರ್ಸು ಲಿಸ್ಸಿ ಕೇರಳದವಳು, ಅವಳದು ನೀಲಿ ರೇನ್‌ಕೋಟು. ನನಗೆ ಸಿಕ್ಕಿದ್ದು ನಾನಾ ಅವರ ಹೆಂಡತಿಯದು, ಗುಲಾಬಿ ಹೂಗಳಿದ್ದದ್ದು. ಆಯಾ ಶೇವಂತಾಬಾಯಿ ರೋಗಾಣು ಓಡಿಸಲು ಥಿಯೇಟರಿನಲ್ಲಿ ಕರ್ಪೂರ ಹಚ್ಚಲು ಹೊರಟಿದ್ದಳು. ಆಕ್ಸಿಜನ್ ಸಿಲಿಂಡರಿನ ಪಕ್ಕ ಬೆಂಕಿಕಡ್ಡಿ ಗೀರಿದರೆ ರೋಗಾಣುವಿನ ಜೊತೆ ಸೀರೆ ಅಂಗಡಿಯೂ ಹೋಗುತ್ತದೆಂದು ಹೇಳಿ ಕಸಿದುಕೊಂಡೆ. ರೇಣುಕಾ ಒಳಗೆ ಬಂದು ನಮ್ಮೆಲ್ಲರನ್ನೂ ಒಮ್ಮೆ ನೋಡಿದಳು. ಸೀದಾ ಮೇಜು ಹತ್ತಿ ಕೂತಳು. ಮುಂಬೈಯಲ್ಲಿ ಹೆರಿಗೆ ಹೀಗೇ ಮಾಡಿಸುತ್ತಾರೆಂದು ತಿಳಿದಿರಬೇಕು.

ಅವಳನ್ನು ಕೂರಿಸಿಯೇ ಸೂಜಿ ಹಾಕುವುದೆಂದು ನಿರ್ಧರಿಸಿದ್ದೆ. ಬೆನ್ನು ಚೆನ್ನಾಗಿ ಬಾಗಬೇಕಾದರೆ ತಲೆ ಬಗ್ಗಿಸಬೇಕು. ಹೆದರಿಕೆಯಲ್ಲಿ ನನ್ನ ಬಾಯಿಗೆ ಬಂದದ್ದು ಹುಟ್ಟೂರಿನ ಕನ್ನಡ. "ಮಂಡೆ ಬಗ್ಗಿಸಿ, ಮಂಡೆ ಬಗ್ಗಿಸಿ" ಎಂದೆ. ಅವಳು ಮಂಡಿ ಮಡಚಿ ಮೇಲಕ್ಕೆತ್ತಿ ಬೆನ್ನನ್ನು ಕಂಬದ ಹಾಗೆ ನೆಟ್ಟಗೆ ಮಾಡಿದಳು. "ಮಂಡೆ ಕೆಳಗೆ ಹಾಕಿ" ಎಂದೆ. ಎರಡೂ ಕಾಲು ದಡಕ್ಕನೆ ಕೆಳಗಿಳಿಸಿ ಇನ್ನಷ್ಟು ನೆಟ್ಟಗಾದಳು. ಹೀಗೇ ಕೆಲವು ಸಲ ಆಯಿತು. ನಾನಾ ಹೆಲ್ಮೆಟ್ಟಿನೊಳಗಿನಿಂದ "ಅತಿ ಸುಂದರ" ಎಂದರು. ಕೊನೆಗೆ ಅವಳೇ ಸುಸ್ತಾಗಿ, "ಅಕ್ಕಾರ, ನಿಮಗ ತಲಿ ಬೇಕೋ ಮೊಣಕಾಲ ಬೇಕೋ, ಒಂದ ಹೇಳ್ರಿ" ಎಂದಳು. ತಲಿ ಎಂದೆ. ತಲೆ ಬಗ್ಗಿಸಿದಳು. "ಇನ್ನು ಡುಬ್ಬ" ಎಂದೆ, ಆಗಷ್ಟೇ ಅವಳಿಂದಲೇ ಕಲಿತ ಶಬ್ದ. ಬೆನ್ನು ಬಿಲ್ಲಿನ ಹಾಗೆ ಬಾಗಿತು. ಎರಡು ಕೆಮ್ಮುಗಳ ನಡುವೆ ಸೂಜಿ ಸಲೀಸಾಗಿ ಇಳಿಯಿತು.

ಅವಳನ್ನು ಚಪ್ಪಟೆ ಮಲಗಿಸುವಂತಿರಲಿಲ್ಲ. ದಿಂಬುಗಳನ್ನು ಒಟ್ಟಿ, ಒಂದು ಬದಿಗೆ ಸ್ವಲ್ಪ ವಾಲಿಸಿ ಒರಗಿಸಿದೆ. ಮಲಂಗಗಡ ಬೆಟ್ಟದ ಇಳಿಜಾರಿನಲ್ಲಿ ನಿಂತು ಆಪರೇಷನ್ ಮಾಡಿದ ಹಾಗಾಗುತ್ತಿದೆ ಎಂದು ನಾನಾ ಗೊಣಗಿದರು. ಜನರಲ್‌ಗೆ ಬೇಕಾದ ನಳಿಕೆ, ಔಷಧಿ ಎಲ್ಲವನ್ನೂ ಕೈಗೆಟಕುವ ಹಾಗೆ ತೆರೆದಿಟ್ಟುಕೊಂಡು, ಅದು ಬೇಕಾಗದಿರಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ನಾನಾ ಹೊಟ್ಟೆಯ ಮೇಲೆ ಇಕ್ಕಳದಿಂದ ಚಿವುಟಿ ನೋಡಿದರು. ರೇಣುಕಾ ಆಕ್ಸಿಜನ್ ಮಾಸ್ಕಿನ ಒಳಗಿನಿಂದ ಅತ್ತೆಯ ರೊಟ್ಟಿಯ ವಿಷಯವನ್ನೇ ಹೇಳುತ್ತಿದ್ದಳು. ನೋವಿಲ್ಲ ಎಂದರ್ಥ. ಶುರುಮಾಡಿ ಎಂದೆ.

ಸ್ವಲ್ಪ ಹೊತ್ತಿನಲ್ಲಿ ಮಾತು ನಿಂತಿತು.

ನಮ್ಮ ಯಂತ್ರ ಪ್ರತಿ ನಾಡಿಬಡಿತಕ್ಕೂ ಒಂದು ಸದ್ದು ಮಾಡುತ್ತದೆ. ರಕ್ತದಲ್ಲಿ ಆಕ್ಸಿಜನ್ ಇಳಿದರೆ ಆ ಸದ್ದಿನ ಸ್ವರವೂ ಇಳಿಯುತ್ತದೆ. ಅದು ಇಳಿಯತೊಡಗಿತು. ಬಿಪಿಯೂ ಕುಸಿಯಿತು. ಏರಿಸುವ ಔಷಧಿ ಕೊಟ್ಟೆ, ಆಕ್ಸಿಜನ್ ಪೂರ್ತಿ ತಿರುಗಿಸಿದೆ, ದಿಂಬು ಎತ್ತರಿಸಿದೆ. ಎಡಗೈ ಲಾರಿಂಗೋಸ್ಕೋಪಿನ ಮೇಲಿತ್ತು. "ರೇಣುಕಾ" ಎಂದೆ. ಕಣ್ಣು ತೆರೆಯಲಿಲ್ಲ. ಆ ಹೊತ್ತಿಗೇ ನಾನಾ ಅವರ ಹೆಲ್ಮೆಟ್ಟಿನ ಗಾಜು ಉಸಿರಿಗೆ ಮಂಜುಗಟ್ಟಿ ಏನೂ ಕಾಣದಾಯಿತು. ವಾರಗಟ್ಟಲೆ ನೀಲಗಿರಿ ಎಣ್ಣೆಯ ಬಾಟಲಿ ಕೈಬಿಡದ ಮನುಷ್ಯ, "ತೆಗಿ ಇದನ್ನ" ಎಂದು ತಲೆಯನ್ನು ಶೇವಂತಾಬಾಯಿಯ ಕಡೆ ಚಾಚಿದರು. ಆಕೆ ಹೆಲ್ಮೆಟ್ ಕಿತ್ತು ತೆಗೆದಳು. ಬರೀ ಮಾಸ್ಕಿನಲ್ಲಿ, ರೇಣುಕಾಳ ಕೆಮ್ಮಿಗೆ ನೇರವಾಗಿ ಮುಖ ಕೊಟ್ಟು, ಅವರು ಮಗುವಿಗಾಗಿ ಕೈ ಹಾಕಿದರು.

ನಾನು ರೇಣುಕಾಳ ಕಿವಿಯ ಹತ್ತಿರ ಬಗ್ಗಿ ಕೇಳಿದೆ: "ರೇಣುಕಾ, ನಿಮ್ಮ ಅತ್ತೆ ಹೆಸರೇನು?"

 ಮಾಸ್ಕಿನೊಳಗಿನಿಂದ ಕ್ಷೀಣವಾಗಿ ಬಂತು: "ಆಕಿ ಹೆಸರ ತಗೀಬ್ಯಾಡ್ರಿ."

ಯಂತ್ರದ ಸ್ವರ ಮೆಲ್ಲಗೆ ಏರತೊಡಗಿತು. ನಾನು ಎಡಗೈಯನ್ನು ಲಾರಿಂಗೋಸ್ಕೋಪಿನಿಂದ ತೆಗೆದು ನೋಡಿದರೆ ಬೆರಳುಗಳು ಮಡಚಿದ ಹಾಗೇ ಇದ್ದವು.

ಮಗು ಹೊರಗೆ ಬಂದಾಗ ನೀಲಿಯಾಗಿತ್ತು, ಸದ್ದಿರಲಿಲ್ಲ. ಮಕ್ಕಳ ಡಾಕ್ಟರು ಮಳೆಯಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದರು. ಲಿಸ್ಸಿ ಅದನ್ನು ಒರೆಸಿ, ಬಾಯಿ ಹೀರಿ ತೆಗೆದು, ಪುಟ್ಟ ಚೀಲದಿಂದ ಉಸಿರು ಕೊಡುತ್ತ ಮಲಯಾಳಂನಲ್ಲಿ ಅದನ್ನು ಗದರಿಸುತ್ತಿದ್ದಳು. ಮಗು ಒಮ್ಮೆ ಬಿಕ್ಕಿತು, ಆಮೇಲೆ ಕೋಪದಿಂದ ಕಿರುಚಿತು. ನಾನಾ "ಸುಂದರ" ಎಂದರು. ಆ ಥಿಯೇಟರಿನಲ್ಲಿ ಆ ಶಬ್ದವನ್ನು ಅದರ ನಿಜವಾದ ಅರ್ಥದಲ್ಲಿ ನಾನು ಕೇಳಿದ್ದು ಅದೊಂದು ಸಲ. ಹೆಣ್ಣು ಮಗು. ರೇಣುಕಾಗೆ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡೇ, ಹೆಸರು ತಾನೇ ಇಡುವುದೆಂದು ಇವರಿಗೆ ಹೇಳಿಬಿಡಿ ಎಂದಳು.

ಆಮೇಲಿನ ದಿನಗಳು ಹಗುರವಾಗಿರಲಿಲ್ಲ. ಪರೀಕ್ಷೆಯ ಫಲಿತಾಂಶ ಹಂದಿಜ್ವರವೆಂದೇ ಬಂತು. ರಸ್ತೆ ತೆರೆದ ಮೇಲೂ ದೊಡ್ಡ ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲಿಲ್ಲ. ಸರ್ಕಾರಿ ಆಸ್ಪತ್ರೆಯಿಂದ ಮಾತ್ರೆ ತರಿಸಿ ಅವಳನ್ನು ಮೇಲಿನ ಮಹಡಿಯ ಮೂಲೆ ಕೋಣೆಯಲ್ಲಿ ಆಕ್ಸಿಜನ್ ಮೇಲೆ ಇಟ್ಟೆವು. ನಾನಾಗೆ ನೆಗಡಿಯಾಯಿತು. ಹಂದಿಜ್ವರವೇ ಎಂದು ಹೆಂಡತಿಯನ್ನು ಕರೆದು ಬ್ಯಾಂಕಿನ ಲಾಕರಿನ ಬೀಗದ ಕೈ ಎಲ್ಲಿದೆಯೆಂದು ತೋರಿಸಿ, ಹಾಸಿಗೆ ಹಿಡಿದರು. ಅವರ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಹೆಂಡತಿ ಮಾತ್ರ ಲಾಕರಿನಲ್ಲಿ ಏನಿದೆಯೆಂದು ಹೋಗಿ ನೋಡಿ ಬಂದಿದ್ದರು, ಅದರಿಂದ ಬೇರೊಂದು ಜಗಳ ಶುರುವಾಯಿತು.

ತಾಯಿಯ ಸೋಂಕು ಮಗುವಿಗೆ ತಗಲಬಾರದೆಂದು ಮಗುವನ್ನು ಕೆಳಗಿನ ಕೋಣೆಯಲ್ಲಿ ಬೇರೆಯಾಗಿ ಇಟ್ಟಿದ್ದೆವು. ಹಿಂಡಿದ ಹಾಲು ಕೆಳಗೆ ಹೋಗುತ್ತಿತ್ತು, ಮಗು ಮೇಲೆ ಬರುವಂತಿರಲಿಲ್ಲ. ಮಾರನೆಯ ದಿನ ಅವಳನ್ನು ನೋಡಲು ಹೋದಾಗ ಉಸಿರಿಗೂ ಉಸಿರಿಗೂ ನಡುವೆ ನಿಲ್ಲಿಸಿ ನಿಲ್ಲಿಸಿ ಹೇಳಿದಳು:

"ಅಕ್ಕಾರ, ಕೆಳಗ ಎಲ್ಲಾರೂ ಬ್ಯಾರೆ ಮಾತಿನವ್ರು. ನಮ್ಮ ಕೂಸಿಗೆ ನಮ್ಮ ಮಾತು ಕಿವ್ಯಾಗ ಬೀಳಬೇಕ್ರಿ. ನೀವರೆ ಒಂದೀಟ ಮಾತಾಡ್ರಿ."

ಮಲ್ಲಪ್ಪ ಇದ್ದಾನಲ್ಲ ಎಂದೆ. ಅವನನ್ನು ಮಗು ನೋಡಲು ಕಳಿಸಿದರೆ ಅಳುತ್ತ ನಿಲ್ಲುತ್ತಾನೆ, ಮಾತು ಹೊರಡುವುದಿಲ್ಲ ಎಂದಳು. ಅತ್ತೆಯ ಹೆಸರನ್ನು ನಾನು ಎತ್ತಲಿಲ್ಲ.

ಅಂದಿನಿಂದ ದಿನಾ ಮೊದಲು ಮಗುವಿನ ಹತ್ತಿರ, ಆಮೇಲೆ ತಾಯಿಯ ಹತ್ತಿರ. ಏನು ಮಾತಾಡುವುದೆಂದು ಗೊತ್ತಾಗಲಿಲ್ಲ. ಜೋಗುಳ ಒಂದೂ ಪೂರ್ತಿ ಬರುತ್ತಿರಲಿಲ್ಲ. ನನ್ನ ಮಗ ಮನೆಯಲ್ಲಿ ತುಳು, ಹೊರಗೆ ಮರಾಠಿ, ನನಗೆ ಹಿಂದಿಯಲ್ಲಿ ಉತ್ತರ ಕೊಟ್ಟು ಬೆಳೆದವನು. ಅವನ ಜೊತೆಗೂ ನಾನು ಒಟ್ಟಿಗೆ ಅಷ್ಟು ಕನ್ನಡ ಆಡಿದ್ದು ನೆನಪಿಲ್ಲ. ಆದ್ದರಿಂದ ಬಾಗಿಲ ಹತ್ತಿರ ನಿಂತು ನನಗೆ ಗೊತ್ತಿದ್ದನ್ನೇ ಹೇಳಿದೆ. ನೋಡು ಮಗಾ, ಠಾಣೆಯಲ್ಲಿ ಇಳಿಯುವುದಿದ್ದರೆ ಡೊಂಬಿವಲಿಯಿಂದಲೇ ಬಾಗಿಲ ಹತ್ತಿರ ನಿಂತುಕೋ. ಉಲ್ಹಾಸನಗರದಲ್ಲಿ ಬಟ್ಟೆ ತಗೊಂಡರೆ ಮೊದಲು ಒಗೆದು ನೋಡು. ಸ್ಟೇಷನ್ನಿನಿಂದ ಹತ್ತಿರವೇ ಎಂದು ಹೇಳುವ ಬಿಲ್ಡರನನ್ನು ನಂಬಬೇಡ. ನಿನ್ನಜ್ಜಿ ರೊಟ್ಟಿ ದಪ್ಪ ಎಂದರೆ ತಲೆ ಕೆಡಿಸಿಕೊಳ್ಳಬೇಡ. ನಮ್ಮ ಸಮುದ್ರದ ಬಗ್ಗೆ, ಮೀನಿನ ಸಾರಿನ ಬಗ್ಗೆ, ನನ್ನ ಅತ್ತೆಯ ಕಷಾಯದ ಬಗ್ಗೆಯೂ ಹೇಳಿದೆ. ಮೇಡಂಗೆ ಕೆಲಸ ಹೆಚ್ಚಾಗಿದೆ, ರಜೆ ಕೊಡಿ ಎಂದು ಲಿಸ್ಸಿ ನಾನಾ ಹತ್ತಿರ ಹೋಗಿ ಹೇಳಿದ್ದಳು. ಮಗು ಮಾತ್ರ ನನ್ನ ದನಿ ಕೇಳಿದರೆ ಕೈಕಾಲು ಆಡಿಸುವುದನ್ನು ನಿಲ್ಲಿಸಿ ಕೇಳುತ್ತಿತ್ತು.

ಒಂದು ದಿನ ರೇಣುಕಾ ಆಕ್ಸಿಜನ್ ಇಲ್ಲದೆ ಕಿಟಕಿಯ ಹತ್ತಿರ ಕೂತಿದ್ದಳು. ಇನ್ನೆರಡು ದಿನ ಜ್ವರ ಬರದಿದ್ದರೆ ಮಗು ಕೊಡಬಹುದೆಂದು ನಾನಾ ಹೇಳಿದರು. ಜ್ವರ ಬರಲಿಲ್ಲ. ಲಿಸ್ಸಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದು ಅವಳ ತೊಡೆಯ ಮೇಲೆ ಇಟ್ಟಳು. ನಾನು ಬಾಗಿಲಲ್ಲಿ ನಿಂತಿದ್ದೆ. ರೇಣುಕಾ ಮಗುವಿನ ಮುಖ ನೋಡುತ್ತ ಕೂತಳು. ಮಾತು ನಿಲ್ಲದ ಹೆಂಗಸಿಗೆ ಮಾತೇ ಹೊರಡಲಿಲ್ಲ. ಮಗು ಆ ಗುರುತಿಲ್ಲದ ತೊಡೆಯ ಮೇಲೆ ಮುಖ ಕಿವುಚಿ ದೊಡ್ಡದಾಗಿ ಅಳತೊಡಗಿತು. ತೂಗಿದಳು, ತಟ್ಟಿದಳು, ಅಳು ನಿಲ್ಲಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು.

ನನಗೆ ತಡೆಯಲಾಗಲಿಲ್ಲ. ಬಾಗಿಲಿನಿಂದಲೇ, "ಏನಾಯ್ತು ಮಗಾ, ಗಾಡಿ ತಪ್ಪಿತಾ?" ಎಂದೆ. ಮಗು ಅಳು ನಿಲ್ಲಿಸಿ ದನಿ ಬಂದ ಕಡೆ ತಲೆ ಹೊರಳಿಸಿತು.

ರೇಣುಕಾ ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಕೃತಜ್ಞತೆಯೂ ಇತ್ತು, ಸ್ವಲ್ಪ ಸಿಟ್ಟೂ ಇತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಮಗುವನ್ನು ಎದೆಗೆ ಎಳೆದುಕೊಂಡಳು.

"ಸಾಕ್ರಿ ಅಕ್ಕಾರ" ಎಂದಳು. "ಇನ್ನ ಮ್ಯಾಲ ನಾ ಮಾತಾಡ್ತೀನಿ."

ಆಮೇಲೆ ಮಗುವಿನ ಕಿವಿಯ ಹತ್ತಿರ ಬಾಯಿಟ್ಟು ಶುರುಮಾಡಿದಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ನಾನು ಚೀಲ ಎತ್ತಿಕೊಂಡು ಹಿಂದಿನ ಮೆಟ್ಟಿಲಿಳಿಯುವಾಗಲೂ ಅವಳ ದನಿ ನಡುವೆ ಎಲ್ಲೂ ಉಸಿರಿಗೆ ನಿಲ್ಲದೆ ಬರುತ್ತಲೇ ಇತ್ತು.